ಉಮ್ಮನ ಬಾಟ್ಲಿ, ಇಳಿಯದ ಅಂಕಿ

ಮಸ್ಕತ್, ಐರ್ಲೆಂಡ್, ನಡುವೆ ಒಂದು ಹಡಗು, ಹೀಗೆ ಕಾಲು ನಿಲ್ಲದೆ ಲ್ಯಾಬಿಂದ ಲ್ಯಾಬಿಗೆ ಹಾರಿ ಪುತ್ತೂರಿಗೆ ಬಂದ ಮೇಲೆ ನನಗೆ ತಿಳಿದದ್ದು ಇಷ್ಟೇ: ಮೂತ್ರ ಎಲ್ಲ ಕಡೆಯೂ ಒಂದೇ, ತರುವ ಜನ ಮಾತ್ರ ಬೇರೆ. ಇಲ್ಲಿ ಬಾಟ್ಲಿಯದ್ದೊಂದು ಎಡವಟ್ಟಾದರೂ ಆಗದ ದಿನ ನನಗೇ ಅನುಮಾನ, ಇವತ್ತು ರಜೆಯೋ ಏನೋ ಎಂದು.

ಈ ವರ್ಷದ ತಲೆನೋವು ಕಡಬದ ಒಬ್ಬರು ಬ್ಯಾರಿ ತಾಯಿ, ಎಲ್ಲರ ಬಾಯಲ್ಲೂ ಉಮ್ಮ. ಮೂತ್ರದ ಸೋಂಕು. ಸೋಂಕು ಇದ್ದರೆ ಮೂತ್ರದಲ್ಲಿ ಒಂದು ಪ್ರೋಟೀನ್ ಏರುತ್ತದೆ, ಮದ್ದು ಹಿಡಿದರೆ ಇಳಿಯುತ್ತದೆ. ಅದನ್ನು ಅಳೆಯುವುದು ನನ್ನ ಕೆಲಸ. ಇಳಿಯದಿದ್ದರೆ ಮಂಗಳೂರಲ್ಲಿ ಅಡ್ಮಿಟ್ ಎಂದು ಡಾಕ್ಟರು ಹೇಳಿದ್ದರು. ಉಮ್ಮನಿಗೋ ದುಬೈಯಲ್ಲಿರುವ ಮಗಳ ಬಾಣಂತನಕ್ಕೆ ಟಿಕೇಟ್ ಆಗಿತ್ತು.

ಬಸ್ಸಿನಲ್ಲಿ ಬಂದದ್ದು

ಮಲ್ಲಿಗೆ, ಮದ್ದು, ಕೋಳಿಮರಿ ಎಲ್ಲವನ್ನೂ ಬಸ್ಸಿನಲ್ಲಿ ಕಳಿಸುವ ಊರು ನಮ್ಮದು. ಉಮ್ಮ ಮೂತ್ರದ ಬಾಟ್ಲಿಯನ್ನೂ ಸುಬ್ರಹ್ಮಣ್ಯದಿಂದ ಪುತ್ತೂರಿಗೆ ಬರುವ ಬಸ್ಸಿಗೆ ಕೊಟ್ಟರು, ಮರ್ಯಾದೆಗೆ ಬಿರಿಯಾನಿ ಹೋಟೆಲಿನ ಕವರಿನಲ್ಲಿ. ತಣ್ಣಗೆ ಇರಬೇಕೆಂದು ನಾನು ಮೂರು ಸಲ ಹೇಳಿದ್ದೆ. ಕಂಡಕ್ಟರ್ ನನ್ನ ಕೈಗೆ ಕವರ್ ಕೊಟ್ಟು ಪ್ರೀತಿಯಿಂದ ಹೇಳಿದ:

"ಎಂಜಿನ್ ಮೇಲೆಯೇ ಇಟ್ಟಿದ್ದೆ ಮೇಡಂ, ಬಿಸಿ ಆರಲಿಲ್ಲ. ಊಟ ಮಾಡಿ."

ಎಳನೀರಿನ ಉಪಾಯ

ಮರುದಿನ ಉಮ್ಮನನ್ನೇ ಬರಹೇಳಿದೆ. ಅಂಕಿ ಏರಿಯೇ ಇತ್ತು. ಡಾಕ್ಟರು ಮಾತ್ರೆ ಶುರುಮಾಡಿದರು, ಮುಂದಿನ ಸಲ ನೋಡಿದರೆ ಅಂಕಿ ನೆಲಕ್ಕೆ ಬಿದ್ದಿತ್ತು. ಖುಷಿಪಡುವ ಮೊದಲು ಬಾಟ್ಲಿ ನೋಡಿದೆ, ನಳ್ಳಿನೀರಿನ ಹಾಗೆ ಉಂಟು. ವಿಚಾರಿಸಿದರೆ, ಮನೆಯಿಂದ ಹೊರಡುವಾಗ ಬಾರ್ಲಿ ನೀರು, ದಾರಿಯುದ್ದಕ್ಕೂ ಎಳನೀರು. ನೀರು ಕುಡಿದು ಮೂತ್ರ ತೆಳುವಾದದ್ದನ್ನು ಕಂಡುಹಿಡಿಯಲು ನಾವು ಇನ್ನೊಂದು ಅಂಶವನ್ನೂ ಅಳೆಯುತ್ತೇವೆ ಎಂದು ವಿವರಿಸಿ, ಲೆಕ್ಕ ಸರಿಮಾಡಿದೆ. ಅಂಕಿ ಮೊದಲಿದ್ದಲ್ಲಿಗೇ ಬಂತು.

ಉಮ್ಮ ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಎಳನೀರಿಗೆ ಬಸ್ಸು ನಾಲ್ಕು ಕಡೆ ನಿಲ್ಲಿಸಿದ್ದು ದಂಡವಾ?"

ಪಾಲು

ಈ ರೋಗಾಣು ಸಾಯಲು ಆ ಮಾತ್ರೆ ಸಾಕು. ಆದರೂ ಅಂಕಿ ಕದಲುವುದಿಲ್ಲ. ಡಾಕ್ಟರು ಮಂಗಳೂರಿಗೆ ಬರೆಯಲು ಪೆನ್ನು ತೆಗೆದರು. ನಾನು ಬಾಗಿಲು ಹಾಕಿ, ಮಾತ್ರೆ ಸರಿಯಾಗಿ ತಿಂದಿರಾ ಎಂದು ಕೇಳಿದೆ. ಬೆಳಗ್ಗಿನದ್ದು ತಿಂದಿದ್ದಾರಂತೆ.

"ರಾತ್ರಿಯದ್ದು?"

"ಆಚೆಮನೆ ಅಕ್ಕನಿಗೂ ಉರಿಮೂತ್ರ ಉಂಟಲ್ಲ ಮಗಳೇ. ಅವಳು ಹಲಸು ಕೊಯ್ದರೆ ನಮಗೆ ಪಾಲು ಬರ್ತದೆ. ನಾನು ಒಬ್ಬಳೇ ತಿನ್ನುದು ಹೇಗೆ?"

ಡಾಕ್ಟರು ಪೆನ್ನು ಮುಚ್ಚಿದರು. ಅಕ್ಕನನ್ನೂ ಕರೆಸಿ, ಇಬ್ಬರಿಗೂ ಅವರವರ ಪಾಲಿನ ಪೂರ್ತಿ ಮಾತ್ರೆ ಬರೆದು, ಇನ್ನು ಪಾಲು ಮಾಡಿದರೆ ಇಬ್ಬರೂ ಮಂಗಳೂರಿಗೆ ಎಂದು ಗದರಿದರು.

ಕೊನೆಯ ಬಾಟ್ಲಿ

ವಿಮಾನದ ಹಿಂದಿನ ದಿನ ಉಮ್ಮ ಮನೆಯಿಂದ ಬಾಟ್ಲಿ ತಂದರು, ಮುಚ್ಚಳದವರೆಗೆ ತುಂಬಿತ್ತು. ಈ ಸಲ ತೆಳುವಾಗಿರಲಿಲ್ಲ. ಅಂಕಿ ನಿಜವಾಗಿಯೂ ಇಳಿದಿತ್ತು. ಧೈರ್ಯವಾಗಿ ದುಬೈಗೆ ಹೋಗಿ ಎಂದೆ. ಉಮ್ಮನ ಕಣ್ಣು ತುಂಬಿತು, ನನ್ನದೂ ಸ್ವಲ್ಪ. ಆ ಆಚೆಮನೆ ಅಕ್ಕನಿಗೂ ಅವಳ ಬಾಟ್ಲಿ ಕಳಿಸಲು ಹೇಳಿ ಎಂದೆ.

"ಇನ್ನು ಬೇರೆ ಎಂತಕೆ ಮಗಳೇ?" ಉಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನೀವು ಈಗ ನೋಡಿದ್ದರಲ್ಲಿ ಅರ್ಧ ಅವಳದ್ದೇ."