ನೆಲ ಮೂಸುವ ಯಂತ್ರವೂ ನನ್ನ ತಲೆಯೂ

ಧೈರ್ಯಸ್ಥರ ಪಾಡೇ ಇಷ್ಟು. ಹೆದರುಪುಕ್ಕಲರು ಮನೆಯಲ್ಲಿ ಮುದ್ದೆ ಉಂಡು ಹಾಯಾಗಿರುತ್ತಾರೆ. ಎದೆ ಉಬ್ಬಿಸಿ ಓಡಾಡುವ ನನ್ನಂಥವನಿಗೇ ವಾರಕ್ಕೊಂದು ಗಂಡಾಂತರ ಬಂದು ಒಕ್ಕರಿಸಿಕೊಳ್ಳುತ್ತದೆ. ಆ ಯಂತ್ರ ಮಾಡಿದ ಮೇಲಂತೂ ಬಿಡುವೇ ಸಿಕ್ಕಿಲ್ಲ.

ಹಿತ್ತಲು

ನಾನು ಧನಗೆರೆಯವನು. ಕೊಳ್ಳೇಗಾಲದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ. ನಾನು ಮುಟ್ಟಿದರೆ ಸತ್ತ ರೇಡಿಯೋ ಎದ್ದು ಕೂತು ವಾರ್ತೆ ಓದುತ್ತದೆ ಎಂದು ಪೇಟೆಯಲ್ಲಿ ಮಾತಿದೆ. ಹಬ್ಬಿಸಿದವನು ನಾನೇ, ಆದರೆ ಸುಳ್ಳಲ್ಲ. ನೆಲದೊಳಗಿನ ಲೋಹ ಹುಡುಕುವ ಯಂತ್ರದ ನಕ್ಷೆ ಯಾವುದೋ ಹಳೇ ಪತ್ರಿಕೆಯಲ್ಲಿ ಸಿಕ್ಕಿತು. ಫಾರಿನ್ನಿನವರು ದುಡ್ಡು ಸುರಿದು ಕೊಳ್ಳುವುದನ್ನು ನಾನು ಗುಜರಿಯಲ್ಲೇ ಕಟ್ಟಿದೆ. ಸುಟ್ಟುಹೋದ ಪಂಪ್‌ಸೆಟ್ಟಿನ ತಾಮ್ರದ ತಂತಿಯನ್ನು ಮುರಿದ ಬುಟ್ಟಿಯ ಬಿದಿರಂಚಿಗೆ ಸುತ್ತಿ, ಒಂದು ಕೋಲಿಗೆ ಬಿಗಿದು, ಹೆಗಲಿಗೊಂದು ಟ್ರಾನ್ಸಿಸ್ಟರ್ ರೇಡಿಯೋ ನೇತುಹಾಕಿಕೊಂಡರೆ ಮುಗಿಯಿತು. ರೇಡಿಯೋ ಸಣ್ಣಗೆ ಕುಂಯ್ ಅನ್ನುತ್ತಿರುತ್ತದೆ. ಕೆಳಗೆ ಲೋಹವಿದ್ದರೆ ಕೀ ಎಂದು ಕಿರುಚುತ್ತದೆ.

ಮೊದಲ ದಿನ ನಮ್ಮ ಹಿತ್ತಲಲ್ಲೇ ಕಿರುಚಿತು. ಗುದ್ದಲಿ ಎತ್ತಿದೆ. ಅವ್ವ ಓಡಿ ಬಂದಳು.

“ಅಗೀಬ್ಯಾಡ ಕಣ್ಲಾ. ನಿಧಿ ಸುಮ್ನೆ ಬತ್ತದಾ? ತಲೆ ಕೇಳ್ತದೆ. ಅದೂ ಹಿರೀಮಗಂದು. ಈ ಮನೇಲಿ ಹಿರೀಮಗ ಯಾರು?”

“ನಾನೇ.”

“ಗೊತ್ತಿದ್ದೂ ಅಗೀತಿದ್ದೀಯಲ್ಲ.”

ನಕ್ಕುಬಿಟ್ಟೆ. ನಗುತ್ತಲೇ ಒಂದು ಕೈಯಲ್ಲಿ ಕತ್ತು ಹಿಡಿದುಕೊಂಡು ಇನ್ನೊಂದರಲ್ಲಿ ಅಗೆದೆ. ಸಿಕ್ಕಿದ್ದು ತುಕ್ಕು ಹಿಡಿದ ನೇಗಿಲಿನ ಗುಳ. ಜಗಲಿಯ ಮೇಲಿದ್ದ ಅಪ್ಪ ಅದನ್ನು ನೋಡಿ ಅವ್ವನಿಗೆ ಅಂದ: “ಈ ಗುಳಾನ ನಾನು ಮಾರ್ಕಂಡೆ ಅಂತ ಮೂರು ತಿಂಗ್ಳು ಬೈದೆಯಲ್ಲ, ಈಗ ಅದಷ್ಟನ್ನೂ ವಾಪಸ್ ತಕೋ.”

ಯಳಂದೂರಿನ ಕೆರೆ ಏರಿ

ಅವ್ವನ ಮಾತು ಮಾತ್ರ ತಲೆಯಿಂದ ಇಳಿಯಲಿಲ್ಲ. ಹಾಗಾಗಿ ಮುಂದಿನ ಸಲ ಒಬ್ಬನೇ ಹೋಗಲಿಲ್ಲ. ಮಗ್ಗದಲ್ಲಿ ರೇಷ್ಮೆ ನೇಯುವ ಗೆಳೆಯನನ್ನು ಎಳೆದುಕೊಂಡು ಯಳಂದೂರಿನ ಕಡೆ ಹೋದೆ. ಜನವಿಲ್ಲದ ಕೆರೆ ಏರಿ, ನಡುಮಧ್ಯಾಹ್ನ. ಯಂತ್ರ ಹಾಕಿದ್ದೇ ತಡ, ನಾನು ಹೆಜ್ಜೆ ಇಟ್ಟರೆ ಕೀ, ನಿಂತರೆ ಸುಮ್ಮನೆ. ಮತ್ತೆ ಹೆಜ್ಜೆ, ಮತ್ತೆ ಕೀ.

“ನೆಲದೊಳ್ಗೆ ಯಾರೋ ನಮ್ ಜೊತೇಲೇ ನಡೀತಾವ್ರೆ ಕಣ್ಲಾ,” ಎಂದ ಗೆಳೆಯ. ಅವನ ತುಟಿ ಬೆಳ್ಳಗಾಗಿತ್ತು.

“ಬುಡ್ಲಾ, ನಾನಿಲ್ವಾ” ಎಂದೆ. ಹಾಗಂದಾಗ ನಾನಾಗಲೇ ಓಡುತ್ತಿದ್ದೆ. ಓಡಿದರೆ ಅದೂ ಓಡಿತು. ಕೀ ಕೀ ಕೀ ಕೀ. ಬೆನ್ನೆಲ್ಲ ಬೆವರು, ಬಾಯಲ್ಲಿ ಕುಲದೇವರು. ಮೈಲಿ ದೂರ ಬಂದು ಕಾಲಿಗೆ ಮುಳ್ಳು ಚುಚ್ಚಿತೆಂದು ಚಪ್ಪಲಿ ಬಿಚ್ಚಿ ಆಚೆ ಇಟ್ಟೆ. ಯಂತ್ರ ಬಾಯಿ ಮುಚ್ಚಿತು. ಚಪ್ಪಲಿಯ ಅಟ್ಟೆಗೆ ಆ ವಾರವಷ್ಟೇ ಹನ್ನೆರಡು ಕಬ್ಬಿಣದ ಮೊಳೆ ಹೊಡೆಸಿದ್ದೆ.

ಗೆಳೆಯ ಚಪ್ಪಲಿಯನ್ನೇ ದಿಟ್ಟಿಸಿ ನೋಡಿ, “ನಾನು ಇದುಕ್ಕೆ ತೆಂಗಿನಕಾಯಿ ಅರಕೆ ಕಟ್ಕಂಡ್ಬುಟ್ನಲ್ಲ, ಈಗ ಎಲ್ಲಿ ಒಡೀಲಿ?” ಎಂದ.

ಹನೂರು ಬಸ್‌ಸ್ಟಾಂಡು

ಇದು ಚಿಕ್ಕದು. ಯಂತ್ರ ಹೊತ್ತು ಬಸ್ಸಿಗೆ ಕಾಯುತ್ತಿದ್ದೆ. ಒಬ್ಬ ಪೇದೆ ಬಂದು ನಿಂತ. ನಿಧಿಗಳ್ಳ ಅಂತ ಒಳಗೆ ಹಾಕಿದರೆ ಗತಿ ಏನು ಎಂದು ಕೋಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

“ಏನ್ಲಾ ಇದು?”

“ರೇಡಿಯೋ ಸಾ.”

“ಹಾಕು, ಕೇಳಾಣ.”

ಹಾಕಿದೆ. ನನ್ನ ಅದೃಷ್ಟಕ್ಕೆ ಸಿಲೋನಿನಿಂದ ತಮಿಳು ಹಾಡು ಬಂತು. ಪೇದೆ ಕಣ್ಣು ಮುಚ್ಚಿ ಇಡೀ ಹಾಡು ಕೇಳಿದ, ತೊಡೆ ಮೇಲೆ ತಾಳ ಹಾಕಿದ. ಬದುಕಿದೆ ಅಂದುಕೊಂಡೆ. ಕಣ್ಣು ತೆರೆದು ಕೇಳಿದ: “ರೇಡಿಯೋ ಇಟ್ಕಳಕ್ಕೆ ಸರ್ಕಾರದ ಲೈಸೆನ್ಸು ಬೇಕಲ್ಲ, ಅದೆಲ್ಲಿ?”

ಗೌಡರ ಮನೆ

ರಾಮಾಪುರದಿಂದ ಆಚೆ, ಕಾಡಂಚಿನ ಒಂದು ಹಳ್ಳಿ. ಅಲ್ಲಿನ ಗೌಡರೊಬ್ಬರ ಹೊಲದಲ್ಲಿ ಅವರಜ್ಜ ಹೂತಿಟ್ಟ ಹಂಡೆ ಇದೆಯಂತೆ, ಯಂತ್ರ ತಗೊಂಡು ಬಾ ಎಂದು ನನ್ನ ಸೋದರಮಾವ ಹೇಳಿ ಕಳಿಸಿದ. ನನ್ನ ಹೆಸರು ಕಾಡಿನವರೆಗೂ ಹಬ್ಬಿದೆಯಲ್ಲ ಎಂದು ಮೀಸೆ ತಿರುವಿಕೊಂಡು ಹೋದೆ.

ಕಾಲಿಗೆ ನೀರು ಕೊಟ್ಟರು. ಹೊಸ ಚಾಪೆ ಹಾಸಿದರು. ಗೌಡರ ಮೊದಲ ಪ್ರಶ್ನೆ: “ನೀನೇ ಹಿರೀಮಗನಾ?”

ಕತ್ತು ತಣ್ಣಗಾಯಿತು. “ಹೌದು ಸಾ.”

“ಒಳ್ಳೇದಾಯ್ತು.”

ಗೌಡರ ತಾಯಿ, ಹಣ್ಣು ಮುದುಕಿ, ಬಂದು ನನ್ನ ಕೂದಲು ಸರಿಸಿ ಸುಳಿ ಎಣಿಸಿದಳು. “ಒಂದೇ ಸುಳಿ” ಎಂದಳು. ಎಲ್ಲರಿಗೂ ಸಮಾಧಾನವಾಯಿತು. “ಕೈಕಾಲು ನೆಟ್ಟಗಿದಾವಾ? ಮೈಮೇಲೆ ಗಾಯಗೀಯ?” ಮೂಲೆಯಲ್ಲಿ ಅಯ್ನೋರು ಪಂಚಾಂಗ ಬಿಡಿಸಿ, “ನಕ್ಷತ್ರ ಯಾವ್ದಪ್ಪ? ಅಮಾಸೆ ಒಳ್ಗೆ ಮುಗ್ಸೋದು ವಾಸಿ” ಎಂದರು. ಹಿತ್ತಲಲ್ಲಿ ಯಾರೋ ಮಚ್ಚು ಮಸೆಯುತ್ತಿದ್ದರು. ಅಲ್ಲಿಂದಲೇ ಕೂಗಿದರು: “ಗೌಡ್ರೆ, ಕುಯ್ಬುಡ್ಲಾ?”

“ತಡಿ, ಇನ್ನೊಂದ್ ಮಾತು ಕೇಳ್ಬುಡ್ತೀನಿ.”

ಬಾಗಿಲಿಗೆ ಇಬ್ಬರು ಆಳುಗಳು ಅಡ್ಡ ನಿಂತಿದ್ದರು. ಓಡುವ ದಾರಿ ಇಲ್ಲ. ಬಲಿಗೆ ಊನವಿರುವವನು ಆಗುವುದಿಲ್ಲ ಎಂದು ಕೇಳಿದ್ದೆ. ನಾಲಿಗೆಯನ್ನೇ ಓಡಬಿಟ್ಟೆ.

“ಹಿರೀಮಗ ಅಲ್ಲ ಸಾ, ನನ್ಗಿಂತ ಮುಂಚೆ ಒಬ್ಬ ಹುಟ್ಟಿ ಸತ್ತೋಗವ್ನೆ. ಕುಡೀತೀನಿ. ಇಸ್ಪೀಟು ಆಡ್ತೀನಿ. ಬಲಗಿವಿ ಕೇಳಾಕಿಲ್ಲ.” ಒಂದೊಂದಕ್ಕೂ ಅವರ ಮುಖ ಇಳಿಯುತ್ತಿತ್ತು, ನನ್ನ ಜೀವ ಮೇಲೇರುತ್ತಿತ್ತು. “ಮೂರ್ಛೆರೋಗ ಅದೆ. ದಿನಾ ಬತ್ತದೆ.”

ಮುದುಕಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಗೌಡರು ಹಿತ್ತಲ ಕಡೆ ತಿರುಗಿ, “ಕೋಳಿ ಕುಯ್ಬ್ಯಾಡ ಬುಡ್ಲಾ” ಎಂದರು. ಆಗ ಒಳಬಾಗಿಲ ಸಂದಿಯಿಂದ ಒಂದು ಹುಡುಗಿ ಇಣುಕಿದಳು. ತಲೆ ತುಂಬ ಕನಕಾಂಬರ, ಹೊಸ ಸೀರೆ, ಕೈಯಲ್ಲಿ ಕಾಫಿ ಲೋಟಗಳ ತಟ್ಟೆ. ಅಷ್ಟು ಚೆಂದದ ಮುಖವನ್ನು ನಾನು ಕೊಳ್ಳೇಗಾಲದಲ್ಲೂ ಕಂಡಿಲ್ಲ.

“ನಿಮ್ಮಾವ ಇದೊಂದೂ ಯೋಳ್ನಿಲ್ಲ,” ಎಂದರು ಗೌಡರು. “ಹೆಣ್ಣು ನೋಡಕ್ಕೆ ಬಾ ಅಂದ್ರೆ ಜಂಬ ಮಾಡ್ತಾನೆ, ಹಂಡೆ ಅದೆ ಅಂದ್ರೆ ಓಡ್ಬತ್ತಾನೆ ಅಂದ. ಅಷ್ಟೇಯ.”

“ಗೌಡ್ರೆ, ಎಲ್ಲಾ ಸುಳ್ಳು. ನಾನು ಹಿರೀಮಗನೇ. ಕಿವಿ ಕೇಳ್ತದೆ. ಮೂರ್ಛೆ ಇಲ್ಲ” ಎಂದು ಎದ್ದು ನಿಂತೆ. ಗಾಬರಿಗೆ ಕೈಕಾಲು ಗಡಗಡ ನಡುಗಿ, ಯಂತ್ರಕ್ಕೆ ಎಡವಿ ದಬಕ್ಕನೆ ಬಿದ್ದೆ.

“ಅಯ್ಯೋ, ಬಂದೇ ಬುಡ್ತು” ಎಂದಳು ಮುದುಕಿ. ನಾಲ್ಕು ಜನ ನನ್ನನ್ನು ಅದುಮಿ ಹಿಡಿದರು. ಆ ಹುಡುಗಿಯೇ ಓಡಿ ಬಂದು ಗೇಣುದ್ದದ ಕಬ್ಬಿಣದ ಬೀಗದಕೈಯನ್ನು ನನ್ನ ಅಂಗೈಗೆ ತುರುಕಿದಳು. ಬಸ್ಸಿನ ತನಕ ಆಳುಗಳು ಎರಡೂ ಕಡೆ ರಟ್ಟೆ ಹಿಡಿದು ನಡೆಸಿದರು. “ಮೂರ್ಛೆಯೋರು, ಕೊಳ್ಳೇಗಾಲದ ತಂಕ ಕಬ್ಬಿಣ ಬುಡುಸ್ಬ್ಯಾಡಿ” ಎಂದು ಕಂಡಕ್ಟರಿಗೆ ಒಪ್ಪಿಸಿದರು. ಅವನೋ ಬಲು ಒಳ್ಳೆಯವನು. ಪ್ರತಿ ಸ್ಟಾಪಿನಲ್ಲೂ ನನ್ನ ಕಡೆ ತಿರುಗಿ, “ಕೈ ಎತ್ತಿ ತೋರ್ಸಪ್ಪ” ಅನ್ನುತ್ತಿದ್ದ. ಇಡೀ ಬಸ್ಸಿನ ಎದುರು ಬೀಗದಕೈ ಎತ್ತಿ ತೋರಿಸುತ್ತಿದ್ದೆ.

ತಲೆ ಉಳಿಯಿತು. ಆದರೆ ಮಾರನೇ ದಿನದಿಂದ ಅಂಗಡಿಗೆ ರಿಪೇರಿಗೆ ಬರುವ ಗಿರಾಕಿಗಳು ರೇಡಿಯೋ ಕೊಡುವುದಕ್ಕೆ ಮುಂಚೆ ನನ್ನ ಕೈಗೊಂದು ಕಬ್ಬಿಣ ಕೊಡುತ್ತಿದ್ದಾರೆ.