ಫೋಟೋದಲ್ಲಿ ಹಿಡಿಯದ ಕಪ್

ಮೊಮ್ಮಕ್ಕಳಿಗೆ ಸುಳ್ಳು ಹೇಳುವಾಗ ಒಂದು ವಿಷಯ ನೆನಪಿಡಬೇಕು: ಎರಡೂ ಬೆಳೆಯುತ್ತವೆ, ಮೊಮ್ಮಕ್ಕಳೂ, ಸುಳ್ಳೂ. ನನ್ನದೊಂದು ಪುಟ್ಟ ಸುಳ್ಳು ಎಂಟು ವರ್ಷ ಬೆಳೆದು, ಹೋದ ತಿಂಗಳು ನನ್ನನ್ನೇ ಮೈದಾನಕ್ಕೆ ಎಳೆದುಕೊಂಡು ಹೋಯಿತು. ಬರ್ಲಿನ್ನಿನಲ್ಲಿರುವ ಮೊಮ್ಮಕ್ಕಳಾದ ನೀವೂ ಅದನ್ನು ನಂಬಿದವರೇ ಆದ್ದರಿಂದ ಎಲ್ಲ ಬರೆದುಬಿಡುತ್ತೇನೆ. ಎದುರು ಕೂತು ಹೇಳಲು ನಾಚಿಕೆ. ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೂ ಮಾಸ್ತರರು ಕೇಳಿದ್ದಕ್ಕೆ ಬಾಯಿಬಿಟ್ಟು ಹೇಳದೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದವಳು ನಾನು.

ವೋಲ್ಫ್ಸ್‌ಬುರ್ಗಿನಲ್ಲಿ ನಿಮ್ಮ ಕಾಕಾನ ಮನೆಯ ಗೋಡೆಯ ಮೇಲೆ ನಿಮ್ಮ ಅಜ್ಜನ ಕಾಲೇಜಿನ ಫುಟ್‌ಬಾಲ್ ತಂಡದ ಫೋಟೋ ಇದೆಯಲ್ಲ, ಹನ್ನೊಂದು ಹುಡುಗರು, ನಡುವೆ ಚೆಂಡು ಹಿಡಿದ ಕ್ಯಾಪ್ಟನ್ ಅಜ್ಜ. ಕಾಕಾನ ಮಗ ಚಿನ್ಮಯ ನಾಲ್ಕು ವರ್ಷದವನಿದ್ದಾಗ ಅದನ್ನು ನೋಡಿ, "ಅಜ್ಜಿ, ಕಪ್ ಎಲ್ಲಿ?" ಎಂದ. ಅಜ್ಜ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಸೋತರು ಅನ್ನಲು ಬಾಯಿ ಬರಲಿಲ್ಲ. "ಭಾಳ ದೊಡ್ಡದಿತ್ತಪಾ, ಫೋಟೋದಾಗ ಹಿಡೀಲಿಲ್ಲ" ಎಂದುಬಿಟ್ಟೆ.

ಈಗ ಅವನಿಗೆ ಹನ್ನೆರಡು. ಅವನ ಕ್ಲಬ್ಬಿನ ತಂಡ ಫೈನಲ್ಲಿಗೆ ಬಂತು. ಕಪ್ ಗೆದ್ದ ಅಜ್ಜನ ಕಥೆಯನ್ನು ಪಂದ್ಯಕ್ಕೆ ಮುಂಚೆ ಓಮಾ, ಅಂದರೆ ಅಜ್ಜಿ ನಾನು, ಬಂದು ಹುಡುಗರಿಗೆ ಹೇಳಲಿ ಎಂದರಂತೆ ಅವನ ಟ್ರೇನರ್. "ನೀ ಕನ್ನಡದಾಗ ಹೇಳು ಅಜ್ಜಿ, ನಾ ಜರ್ಮನ್‌ದಾಗ ಹೇಳ್ತೀನಿ" ಎಂದ ಚಿನ್ಮಯ. ತಪ್ಪಿಸಿಕೊಳ್ಳಲು ಎರಡು ದಿನ ನೆವ ಹುಡುಕಿದೆ. ಮೊಣಕಾಲು ನೋವು ಎಂದೆ. ಸೊಸೆ ಮುಲಾಮು ತಂದಳು. ನೆಗಡಿ ಎಂದೆ, ಮಗ ಡಾಕ್ಟರರನ್ನು ಕಾಣುವ ಟರ್ಮಿನ್ ಕೇಳಿದ. ಸಿಕ್ಕದ್ದು ಮೂರು ವಾರದ ನಂತರ. ಈ ದೇಶದಲ್ಲಿ ನೆಗಡಿಯೂ ಪಾಳಿ ಹಚ್ಚಬೇಕು.

ನಡೆದದ್ದು ಹೀಗೆ. ಅರವತ್ತು ವರ್ಷಕ್ಕೂ ಹಿಂದಿನ ಧಾರವಾಡ. ನಾನು ಮದುವೆಯಾಗಿ ಬಂದ ವರ್ಷ ನಿಮ್ಮ ಅಜ್ಜನ ತಂಡ ಫೈನಲ್ಲಿನವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ಒಂದು ಪಂದ್ಯವನ್ನೂ ನಾನು ನೋಡಲಿಲ್ಲ, ಆದರೆ ಅಂಗಿ ಒಗೆದವಳು ನಾನೇ. ಬೆನ್ನಿಗೆ ಕೆಂಪು ಕೆಸರಿದ್ದರೆ ಕಷ್ಟದ ಗೆಲುವು, ತೋಳಿಗಷ್ಟೇ ಇದ್ದರೆ ಸುಲಭದ್ದು. ಫೈನಲ್ ಬಂದದ್ದು ಆಯುಧಗಳಿಗೆ ಪೂಜೆ ಮಾಡುವ ಖಂಡೆಪೂಜೆಯ ದಿನ. ಬೆಳಿಗ್ಗೆ ಅತ್ತೆಯವರು, "ಗಂಡಸರ ಆಯುಧಾ ಎಲ್ಲಾ ತಂದು ದೇವರ ಜಗಲಿ ಮ್ಯಾಲ ಇಡವಾ" ಎಂದರು. ಮಾವನವರ ಕುಡಗೋಲು ಇಟ್ಟೆ, ಮೈದುನನ ಸೈಕಲ್ ಪಂಪು ಇಟ್ಟೆ. ನನ್ನ ಗಂಡನ ಆಯುಧ ಯಾವುದು? ಕೇಳಲು ನಾಚಿಕೆ. ಪುಸ್ತಕವನ್ನು ಅವರು ಮುಟ್ಟಿದ್ದು ನಾನು ಕಂಡಿರಲಿಲ್ಲ. ಮಂಚದ ಕೆಳಗೆ ಕಾಲೇಜಿನ ಚರ್ಮದ ಚೆಂಡಿತ್ತು. ಅದನ್ನೇ ಇಟ್ಟೆ. ವಿಭೂತಿ, ಕುಂಕುಮ, ಸೇವಂತಿಗೆ, ಆರತಿ ಎಲ್ಲ ಆಯಿತು.

ಮಧ್ಯಾಹ್ನ ಅವರ ಜೊತೆ ಆಡುವ ಬಸಣ್ಣ ಚೆಂಡು ಒಯ್ಯಲು ಬಂದವನು ಬಾಗಿಲಲ್ಲೇ ಕೈಮುಗಿದ. "ವೈನಿ, ಪೂಜಿ ಮಾಡಿದ್ದನ್ನ ಒದೀಬೇಕೇನ್ರಿ?" ನಿಮ್ಮ ಅಜ್ಜ ನಗುತ್ತ ಕುಂಕುಮ ಒರೆಸಿ, "ನಡೀಲೇ, ದೇವರಿಗೂ ಆಟ ನೋಡೂ ಆಸೆ ಇರ್ತದ" ಎಂದರು. ಚೆಂಡಿನ ಕುಂಕುಮ ಹೋಯಿತು. ಬಸಣ್ಣನ ಮನಸ್ಸಿನದು ಹೋಗಲಿಲ್ಲ. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತ ಬಂದಾಗ, ನಮ್ಮ ಗೋಲಿನ ಮುಂದೆಯೇ ಚೆಂಡು ಅವನ ಕಾಲಿಗೆ ಬಂತಂತೆ. ಒದೆಯುವ ಮೊದಲು ಬಸಣ್ಣ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ರೆಫ್ರಿ ಸೀಟಿ ಹೊಡೆದ. ಕೈ ತಾಗಿದ ತಪ್ಪಿಗೆ ಪೆನಾಲ್ಟಿ, ಒಂದು ಗೋಲು, ಅಲ್ಲಿಗೆ ಸೀಜನ್ನೇ ಮುಗಿಯಿತು.

ನಿಮ್ಮ ಅಜ್ಜ ಮನೆಗೆ ಬಂದು, "ತಪ್ಪು ಕ್ಯಾಪ್ಟನ್ನಂದು" ಎಂದಷ್ಟೇ ಹೇಳಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಮುಂದೆ ಪ್ರತಿ ಖಂಡೆಪೂಜೆಗೂ, "ಚೆಂಡೊಂದು ಬಿಟ್ಟು ಏನರೆ ಇಡು" ಎನ್ನುವುದನ್ನು ಮಾತ್ರ ತಪ್ಪಿಸಲಿಲ್ಲ.

ಪಂದ್ಯದ ದಿನ, ಶನಿವಾರ, ಹುಡುಗರ ಮುಂದೆ ನಿಂತಾಗ ಗೆದ್ದ ಕಥೆಯೇ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಕಥೆಯಲ್ಲಿ ಬಸಣ್ಣನಿಲ್ಲ, ನಗುತ್ತ ಕುಂಕುಮ ಒರೆಸಿದ ನಿಮ್ಮ ಅಜ್ಜನೂ ಇಲ್ಲ. ನಡೆದದ್ದನ್ನೇ ಹೇಳಿದೆ. ಜರ್ಮನ್‌ನಲ್ಲಿ ಹೇಳುತ್ತಿದ್ದ ಚಿನ್ಮಯ ಅರ್ಧಕ್ಕೆ ನಿಲ್ಲಿಸಿದ. "ಅಂದ್ರ ಕಪ್ ಗೆದ್ದೇ ಇಲ್ಲಾ?"

"ಇಲ್ಲಪಾ."

ಅವನ ಕಿವಿ ಕೆಂಪಾಯಿತು. ಇವನಿಗೆ ಇನ್ನು ಅಜ್ಜನ ಫೋಟೋ ಬೇಡವಾಯಿತೇನೋ ಎಂದುಕೊಂಡೆ. ಅವನು ಗೆಳೆಯರ ಕಡೆ ತಿರುಗಿ, ಬಸಣ್ಣ ಬಗ್ಗಿದ್ದನ್ನು ಬಗ್ಗಿಯೇ ತೋರಿಸಿದ. ಹುಡುಗರು ಹುಲ್ಲಿನ ಮೇಲೆ ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಂದು ಚೆಂಡು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಇನ್ನೂ ಸೀಟಿ ಆಗಿರಲಿಲ್ಲವಾದ್ದರಿಂದ ತಪ್ಪಿಲ್ಲ.

ನಾಲ್ಕು ಗೋಲಿನಿಂದ ಸೋತರು. ಕಾರಿನಲ್ಲಿ ಚಿನ್ಮಯ, "ಅಜ್ಜಿ, ನೀ ಸೋಲಿಸಿದ್ದು ಇದು ಎರಡನೇ ಫೈನಲ್" ಎಂದು, ಫೋನಿನಲ್ಲಿ ತನ್ನ ತಂಡದ ಫೋಟೋ ತೋರಿಸಿದ. "ಮುಂದ ನನ್ನ ಮೊಮ್ಮಕ್ಕಳು ಕಪ್ ಎಲ್ಲಿ ಅಂತ ಕೇಳಿದ್ರ ಏನ್ ಹೇಳ್ಲಿ?"

ಇನ್ನು ಸುಳ್ಳು ಹೇಳಬಾರದೆಂದು ಅವತ್ತು ಬೆಳಿಗ್ಗೆಯಷ್ಟೇ ದೇವರ ಮುಂದೆ ಗಲ್ಲ ಬಡಿದುಕೊಂಡಿದ್ದೆ.

"ಭಾಳ ದೊಡ್ಡದಿತ್ತು, ಹಿಡೀಲಿಲ್ಲ ಅಂತ ಹೇಳಪಾ" ಎಂದೆ.