ಹಗ್ಗ ಹಿಡಿಸುವ ಮಾವ

ನಮ್ಮ ಮಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ಒಳ್ಳೆಯ ಮರವನ್ನೂ ಕೆಡಿಸಿದವರಲ್ಲ. ಕೆಡಿಸುವುದು ಹೇಗೆ? ಒಳ್ಳೆಯ ಮರವನ್ನು ಅವರು ಮುಟ್ಟಿದರೆ ತಾನೆ! ತೇಗವೋ ಹೊನ್ನೆಯೋ ಬೀಟೆಯೋ, ನೆಟ್ಟಗೆ ನುಣ್ಣಗೆ ಇದ್ದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗಂಟಿರಬೇಕು, ಸೀಳಿರಬೇಕು, ಹುಳ ಕೊರೆದಿರಬೇಕು, ಸಾಧ್ಯವಾದರೆ ಅರ್ಧ ಸುಟ್ಟೂ ಇರಬೇಕು. ಅಂಥದ್ದೊಂದು ಕೊರಡು ಕಣ್ಣಿಗೆ ಬಿದ್ದರೆ ಬಹುಕಾಲದಿಂದ ಕಾಣದ ನೆಂಟರು ಸಿಕ್ಕಂತೆ ಅಪ್ಪಿಕೊಂಡು ಮನೆಗೆ ತರುತ್ತಿದ್ದರು. ನಿಜವಾದ ನೆಂಟರನ್ನು ಅವರು ಹಾಗೆ ಅಪ್ಪಿಕೊಂಡದ್ದನ್ನು ನಾನಂತೂ ಕಂಡಿಲ್ಲ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಊರು ಸೊರಬ. ಅತ್ತೆಯ ತವರು ಶಿಕಾರಿಪುರ. ಹೆತ್ತವರನ್ನು ಕಳೆದುಕೊಂಡ ನನ್ನನ್ನು ಅತ್ತೆ ಶಿಕಾರಿಪುರದಿಂದ ಸೊಂಟದ ಮೇಲೆ ಕೂರಿಸಿಕೊಂಡು ತಂದು ಸಾಕಿದರು. ಬಂದ ಮರುವರ್ಷವೇ ನನಗೆ ಸಿಡುಬು ಎದ್ದು, ಬದುಕಿದ್ದೇ ಹೆಚ್ಚು ಅನ್ನುವಂತಾಗಿ, ಅದು ಮುಖದ ತುಂಬ ತನ್ನ ಗುರುತು ಒತ್ತಿ ಹೋಗಿತ್ತು. ನಾನು ಹೇಳುತ್ತಿರುವ ಕಾಲಕ್ಕೆ ಹೊಸ ಮೈಸೂರು ರಾಜ್ಯ ಆಗಿ ಒಂದೆರಡು ವರ್ಷ ಕಳೆದಿತ್ತು. ನನಗೆ ಮದುವೆಯ ವಯಸ್ಸು ದಾಟುತ್ತಿತ್ತು. ನೋಡಲು ಬಂದವರು ಕಾಫಿ ಕುಡಿದು, ನನ್ನ ಮುಖ ನೋಡಿ, “ಊರಿಗೆ ಹೋಗಿ ತಿಳಿಸ್ತೀವಿ” ಎಂದು ಏಳುತ್ತಿದ್ದರು. ಅವರ ಊರು ಅದೆಷ್ಟು ದೂರವೋ, ಒಬ್ಬರಾದರೂ ತಲುಪಿದ ಸುದ್ದಿಯೇ ಬರಲಿಲ್ಲ! ನನ್ನನ್ನು ಒಂದು ದಡ ಸೇರಿಸುವುದೇ ಅತ್ತೆಗೆ ಹಗಲಿರುಳಿನ ಚಿಂತೆಯಾಗಿತ್ತು.

ಮಾವನ ಚಿಂತೆ ಬೇರೆ. ಅದು ಹಿತ್ತಿಲ ಜಗುಲಿಯ ಮೇಲಿತ್ತು. ಎರಡು ಗಟ್ಟಿ ಕಂಬ, ಅವುಗಳ ನಡುವೆ ಎರಡು ಚೂಪು ಕಬ್ಬಿಣದ ಮೊಳೆ, ಮೊಳೆಗಳ ನಡುವೆ ಸಿಕ್ಕಿಸಿದ ಮರದ ತುಂಡು, ಅದಕ್ಕೆ ಸುತ್ತಿದ ಹಗ್ಗ. ಇಷ್ಟೇ ಯಂತ್ರ. ಒಬ್ಬರು ಮಜ್ಜಿಗೆ ಕಡೆದಂತೆ ಹಗ್ಗದ ಎರಡು ತುದಿಗಳನ್ನು ಅತ್ತ ಇತ್ತ ಎಳೆಯಬೇಕು, ಮರ ಗಿರಗಿರ ತಿರುಗಬೇಕು, ಮಾವ ಉಳಿ ಹಿಡಿದು ಕಡೆಯಬೇಕು. ಊರಿನ ಬಡಗಿಗಳು ಇಂಥದ್ದೇ ಯಂತ್ರದಲ್ಲಿ ಮಂಚದ ಕಾಲು, ತೊಟ್ಟಿಲ ಗುಬುಟು ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದರು. ಮಾವನಿಗೆ ಗದ್ದೆಯಿತ್ತು, ಹೊಟ್ಟೆಯ ಯೋಚನೆ ಇರಲಿಲ್ಲ. ಹಾಗಾಗಿ ಅವರು ಕಡೆಯುತ್ತಿದ್ದುದೆಲ್ಲ ಹೂದಾನಿ, ಭರಣಿ, ಬಟ್ಟಲು. ಯಾವುದರಲ್ಲೂ ನೀರು ನಿಲ್ಲುತ್ತಿರಲಿಲ್ಲ. ಹುಳ ಕೊರೆದ ತೂತಿನಿಂದ ಬೆಳಕು ಮಾತ್ರ ಚೆನ್ನಾಗಿ ಬರುತ್ತಿತ್ತು.

“ಏನ್ರೀ, ಇದ್ರಾಗ ಏನು ಇಡ್ಲಿ ನಾನು?” ಎಂದು ಅತ್ತೆ ರೇಗುವರು.

“ಏನೂ ಇಡಬೇಡ ಮಾರಾಯ್ತಿ. ಸುಮ್ಮನೆ ನೋಡು.”

“ನೋಡ್ಕೋತ ಕುಂತ್ರ ಉಪ್ಪು ಎಲ್ಲಿಡ್ಲಿ?”

ಸೊರಬವೆಂದರೆ ಗಂಧದ ಕೆತ್ತನೆಗೆ ಹೆಸರಾದ ಊರು. ಅಂಥ ಊರಿನಲ್ಲಿ ಕೂತು ಮಾವ ಗಂಧದ ಮರಕ್ಕೇ ಮೂಗು ಮುರಿಯುತ್ತಿದ್ದರು. “ಅದಕ್ಕೆ ವಾಸನೆ ಉಂಟು ಅಂತ ಜಂಬ. ಕೆಲಸ ಮಾಡಿದವನನ್ನು ಯಾರು ಕೇಳ್ತಾರೆ? ಎಲ್ಲರೂ ಮೂಸಿ ನೋಡೋರೇ!”

ಒಮ್ಮೆ ಅತ್ತೆಯ ಒನಕೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತು. ಅತ್ತೆ ಅದನ್ನು ಬಾಯಿತಪ್ಪಿ ಮಾವನೆದುರು ಹೇಳಿದರು. ಮರುದಿನ ಬೆಳಿಗ್ಗೆ ಭತ್ತ ಕುಟ್ಟಲು ಹೋದರೆ ಒನಕೆ ಇಲ್ಲ. ಜಗುಲಿಯ ಮೇಲೆ ಸಾಲಾಗಿ ಪುಟ್ಟ ಪುಟ್ಟ ಭರಣಿಗಳು ನಿಂತಿದ್ದವು! ಅಂದಿನಿಂದ ಅತ್ತೆ ಮನೆಯಲ್ಲಿ ಯಾವುದು ಮುರಿದರೂ ಗಂಡನಿಗೆ ಕೇಳದಂತೆ ನನ್ನ ಕಿವಿಯಲ್ಲಿ ಹೇಳುತ್ತಿದ್ದರು.

ತಾಳಗುಂದದಲ್ಲಿ ಒಂದು ಮದುವೆ. ಉಳಿದವರು ಊಟ ಮಾಡಿ ತಾಂಬೂಲ ತೆಗೆದುಕೊಂಡರೆ, ಮಾವ ಆ ಮನೆಯವರ ಹಿತ್ತಿಲಲ್ಲಿ ಬಿದ್ದಿದ್ದ ಮುರುಕು ಗಾಡಿಚಕ್ರದ ನಡುವಿನ ಗುಂಬವನ್ನು ಕೇಳಿ ತೆಗೆದುಕೊಂಡರು. ಅದನ್ನು ಶಾಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ಮರುಗಿದಳು: “ಕೂಸಿಗೆ ಸೆಕಿ ಆಗ್ತೈತಲ್ರೀ, ಮುಸುಕು ತೆಗೀರಿ.”

“ತೆಗೆಯೋದು ಬೇಡಮ್ಮ, ಒಳಗೆಲ್ಲ ಹುಳ ಬಿದ್ದಿದೆ” ಎಂದರು ಮಾವ, ಪ್ರೀತಿಯಿಂದ ಶಾಲು ಸವರುತ್ತ!

ಆಕೆ ಕಿರುಚಿದ ರಭಸಕ್ಕೆ ಡ್ರೈವರ್ ಬಸ್ ನಿಲ್ಲಿಸಿದ. ಅತ್ತೆ ನನ್ನನ್ನು ಎಳೆದುಕೊಂಡು ಹಿಂದಿನ ಸೀಟಿಗೆ ಹೋದರು. ಸೊರಬ ಬರುವವರೆಗೆ ಆ ಮನುಷ್ಯ ಯಾರೋ ನಮಗೆ ಗೊತ್ತೇ ಇಲ್ಲ ಎಂಬಂತೆ ಕಿಟಕಿಯಾಚೆ ನೋಡುತ್ತ ಕೂತಿದ್ದೆವು.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಹಗ್ಗ! ದಿನನಿತ್ಯ ಹಗ್ಗ ಎಳೆಯುವ ಕೆಲಸ ನನ್ನದು. ಅದು ಹಾಗಿರಲಿ. ಆದರೆ ಮನೆಗೆ ಯಾರೇ ಬರಲಿ, ಮಾವ ಕೈಕಾಲು ತೊಳೆಯಲು ನೀರು ಕೊಟ್ಟು, ಆ ಕೈ ಒಣಗುವ ಮೊದಲೇ ಹಗ್ಗ ಹಿಡಿಸುತ್ತಿದ್ದರು. “ಸ್ವಲ್ಪ ಎಳೀರಿ, ಕಾಫಿ ಆಗೋವರೆಗೆ.” ಕಾಫಿ ಆರಿ ಮತ್ತೆ ಬಿಸಿಯಾದರೂ ಬಿಡುತ್ತಿರಲಿಲ್ಲ. ಕಂದಾಯದ ಮಾತಿಗೆ ಬಂದ ಶಾನುಭೋಗರು ಅಂಗೈಯಲ್ಲಿ ಗುಳ್ಳೆ ಎಬ್ಬಿಸಿಕೊಂಡು, ಬಂದ ಕೆಲಸ ಮರೆತು ಹೋದರು. ಅಂಚೆಯವನು ಬೇಲಿಯಾಚೆಯಿಂದಲೇ ಕಾಗದ ಎಸೆದು ಓಡುತ್ತಿದ್ದ. ಬೇರೆಯವರ ಮನೆಯಲ್ಲಿ ನೆಂಟರು ತಿಂಗಳಾನುಗಟ್ಟಲೆ ಝಾಂಡಾ ಹೂಡುವ ಕಾಲ ಅದು. ನಮ್ಮ ಮನೆಗೆ ಬಂದವರಿಗೆ ಮಾತ್ರ ಮರುದಿನವೇ ಊರಲ್ಲಿ ತುರ್ತು ಕೆಲಸ!

ಹೀಗಿರುವಾಗ ಶಿಕಾರಿಪುರದಿಂದ ಒಂದು ಸಂಬಂಧ ಬಂತು. ಹುಡುಗ ಶಾಲಾ ಮಾಸ್ತರ. ಜೊತೆಗೆ ಅವನ ದೊಡ್ಡಪ್ಪ. ಮಾತು ಮುಗಿಸಬೇಕಾದವರು ಅವರೇ. ಅತ್ತೆ ಹಿಂದಿನ ದಿನವೇ ಹಗ್ಗವನ್ನು ಬಿಚ್ಚಿ ಅಕ್ಕಿಯ ಡಬ್ಬದೊಳಗೆ ಹೂತಿಟ್ಟರು. “ನಿಮ್ಮ ಕಾಲಿಗೆ ಬೀಳ್ತೀನಿ, ನಾಳೆ ಒಂದಿನ ಮನುಷ್ಯರಂಗ ಇರ್ರಿ. ಇದೂ ತಪ್ಪಿದ್ರ ಹುಡುಗೀನ್ನ ಮತ್ಯಾರು ಕೇಳ್ತಾರ?” ಎಂದರು. ಮಾವ ದೇವರ ಮುಂದೆ ನಿಂತು ಹೂಂಗುಟ್ಟಿದರು.

ಅವರು ಮಾತಿಗೆ ತಪ್ಪುತ್ತಲೂ ಇರಲಿಲ್ಲವೇನೋ. ನಾನು ಕಾಫಿ ಕೊಟ್ಟು ಒಳಗೆ ಬಂದೆ. ಅಷ್ಟರಲ್ಲಿ ಕೈ ತೊಳೆಯಲು ಹಿತ್ತಿಲಿಗೆ ಹೋದ ದೊಡ್ಡಪ್ಪನವರು ಕೇಳಬಾರದ್ದನ್ನು ಕೇಳಿಬಿಟ್ಟರು: “ಇದೇನ್ರೀ ಇದು ಯಂತ್ರ?”

ಮುಗಿಯಿತು! ಬಾವಿಯ ಹಗ್ಗ ಬಿಚ್ಚಿ ಬಂತು. ಹುಡುಗನ ಇಸ್ತ್ರಿ ಮಾಡಿದ ಪಂಚೆ ಮೊಣಕಾಲ ಮೇಲೇರಿತು. ಅವನು ಹಗ್ಗ ಹಿಡಿದು ಅತ್ತ ಇತ್ತ ಎಳೆಯತೊಡಗಿದ. ಹಲಸಿನ ಬೇರಿನ ತುಂಡು ತಿರುಗುತ್ತಿತ್ತು, ಹಳದಿ ಪುಡಿ ದೊಡ್ಡಪ್ಪನ ಕೋಟಿನ ಮೇಲೆ ಉದುರುತ್ತಿತ್ತು. ಒಳಗೆ ಉಪ್ಪಿಟ್ಟು ಆರುತ್ತಿತ್ತು. ಅತ್ತೆ ಬಾಗಿಲ ಸಂದಿಯಿಂದ ನೋಡಿ ಹಣೆ ಚಚ್ಚಿಕೊಂಡರು.

“ನೋಡಿ, ಈ ತೂತು ಉಂಟಲ್ಲ, ಈ ಐಬು, ಇದೇ ಇದರ ಚೆಂದ” ಎಂದು ಮಾವ ವಿವರಿಸುತ್ತಿದ್ದರು.

ದೊಡ್ಡಪ್ಪನವರಿಗೆ ಎಷ್ಟು ಹೊತ್ತಿನಿಂದಲೋ ಹುಡುಕುತ್ತಿದ್ದ ಮಾತು ಸಿಕ್ಕಿತು. ಕೆಟ್ಟ ಮನುಷ್ಯರಲ್ಲ ಅವರು. ನಕ್ಕು ಹೇಳಿದರು: “ಹಂಗ ಅನ್ರಿ! ನಾವೂ ಅದನ್ನೇ ಅನ್ನೋದು. ಹುಡುಗಿ ಮುಖದಾಗ ಐಬು ಐತಿ ಅಂತ ನಾವೇನು ಬ್ಯಾಡ ಅನ್ನಂಗಿಲ್ಲ. ನಿಮ್ಮ ಮರದಂಗ ಅಂತ ತಿಳಕೊಂತೀವಿ. ಮುಂದಿನ ಮಾತು ಆಡೋಣು.”

ಒಪ್ಪಿದರು! ಅತ್ತೆ ದೇವರ ಕಡೆ ತಿರುಗಿ ಕೈಮುಗಿದರು. ನನಗೂ ಎದೆ ಹಗುರಾಯಿತು. ಐಬು ಎಂದರೆ ಏನಂತೆ, ಅದಕ್ಕಿಂತ ಹೆಚ್ಚಿನದನ್ನು ಕೇಳಿದ ಕಿವಿ ನನ್ನದು.

“ಹಗ್ಗ ನಿಲ್ಲಿಸಪ್ಪ” ಎಂದರು ಮಾವ.

ಕಡೆಯುವಾಗ ಮಧ್ಯದಲ್ಲಿ ಅವರು ನಿಲ್ಲಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮನೆಗೆ ಹಾವು ಬಂದಾಗಲೂ ನಿಲ್ಲಿಸಿರಲಿಲ್ಲ!

“ಐಬು ಅಂತ ನಾನು ಹೇಳಿದ್ದು ಮರಕ್ಕೆ. ಇವಳು ಮರ ಅಲ್ಲ ಮಾರಾಯ್ರೆ, ನನ್ನ ಮಗಳು. ಬೇವಿನ ಸೊಪ್ಪಿನ ಮೇಲೆ ಮಲಗಿಸಿಕೊಂಡು, ಉಸಿರು ಉಂಟೋ ಇಲ್ಲವೋ ಅಂತ ಮೂಗಿನ ಹತ್ತಿರ ಕೈ ಹಿಡಿದು ಕೂತವನು ನಾನು. ಆ ಕಲೆ ಕಂಡಾಗೆಲ್ಲ ನನಗೆ ಅನ್ನಿಸೋದು ಒಂದೇ, ಅಬ್ಬ, ಬದುಕಿದಳಲ್ಲ ಅಂತ. ಐಬು ಅಂದುಕೊಂಡು, ಹೋಗಲಿ ಪಾಪ ಅಂತ ಕರೆದುಕೊಂಡು ಹೋಗೋದಾದರೆ ಬೇಡವೇ ಬೇಡ. ಉಪ್ಪಿಟ್ಟು ತಿಂದು ಹೊರಡಿ.”

“ಸತ್ತೆ!” ಎಂದು ಅತ್ತೆ ಅಲ್ಲೇ ಕುಸಿದು ಕೂತರು. ದೊಡ್ಡಪ್ಪನವರ ಮುಖ ಕೆಂಪಾಯಿತು. ಅವರು ಕೋಟು ಕೊಡವಿಕೊಂಡು, “ನಡಿಯೋ ಹೋಗೋಣು” ಎಂದರು.

ಹುಡುಗ ಏಳಲಿಲ್ಲ. ಹಗ್ಗವನ್ನೂ ಬಿಟ್ಟಿರಲಿಲ್ಲ.

“ದೊಡ್ಡಪ್ಪಾ, ನೀವು ಅಂದದ್ದು ತಪ್ಪಾತು” ಎಂದ. ಆಮೇಲೆ ನಮ್ಮ ಮಾವನ ಕಡೆ ತಿರುಗಿ, “ಮಾವಾರ, ಉಳಿ ತಗೋರಿ. ಅರ್ಧಕ್ಕ ನಿಂತೈತಿ” ಎಂದ.

ಮಾವಾರ! ಯಾರೂ ಹೆಣ್ಣು ಕೊಡದೆ, ಯಾರೂ ಒಪ್ಪದೆ, ತಾನಾಗಿಯೇ ಮಾವ ಎಂದುಬಿಟ್ಟಿದ್ದ. (“ಹುಡುಗಿ ನೋಡಾಕ ಹೋದಾಂವ ಭುಜದ ನೋವು ತಂದೆ” ಎಂದು ನಮ್ಮ ಯಜಮಾನರು ಈಗಲೂ ಎಣ್ಣೆ ಹಚ್ಚಿಸಿಕೊಳ್ಳುವಾಗ ಗೊಣಗುತ್ತಾರೆ.) ದೊಡ್ಡಪ್ಪನವರು ತಿರುಗಿ ಬಂದು ಜಗುಲಿಯ ಮೇಲೆ ಕೂತರು.

ಮಾವ ಉಳಿ ಎತ್ತಿಕೊಂಡರು. ಆದರೆ ಮರಕ್ಕೆ ತಾಗಿಸದೆ ಕೆಳಗಿಟ್ಟರು. “ತಡಿಯಪ್ಪ, ಕೇಳಬೇಕಾದವಳನ್ನೇ ಕೇಳಲಿಲ್ಲ” ಎಂದು ಎದ್ದು ಅಡುಗೆಮನೆಗೆ ಬಂದರು.

“ಕೂಸೇ, ನಿನಗೆ ಮನಸ್ಸುಂಟಾ? ಇಲ್ಲದಿದ್ದರೆ ಇಲ್ಲ ಅನ್ನು. ಯಾರಿಗೂ ಹೆದರಬೇಡ, ನಾನಿದ್ದೇನೆ.”

ಆ ಕಾಲದಲ್ಲಿ ಯಾವ ಹುಡುಗಿಯನ್ನು ಯಾರು ಹೀಗೆ ಕೇಳುತ್ತಿದ್ದರು? ನಾನು ಹೂಂ ಎಂದು ತಲೆಯಾಡಿಸಿದೆ.

ಮಾವನಿಗೆ ಸಂತೋಷವಾಯಿತು. ಮುಖ ಅರಳಿದ್ದನ್ನು ಕಣ್ಣಾರೆ ಕಂಡೆ. ಒರಟು ಅಂಗೈಯನ್ನು ನನ್ನ ಕೆನ್ನೆಯ ಮೇಲಿಟ್ಟು ಏನೋ ಹೇಳಹೊರಟರು. “ಒಳ್ಳೆಯದಾಯ್ತು ಕೂಸೇ, ಭಾಳ ಒಳ್ಳೆಯದಾಯ್ತು. ಆದರೆ ಇನ್ನು ನನಗೆ ಹಗ್ಗ ಎಳೆಯೋರು ಯಾರೇ?” ಎಂದವರು, ಹೊರಗೆ ಬೀಗರು ಕೂತಿದ್ದಾರೆಂಬುದನ್ನೂ ಮರೆತು, ಗೋಡೆಗೆ ಮುಖ ಮಾಡಿ, ದೊಡ್ಡ ದನಿಯಲ್ಲಿ ಅತ್ತುಬಿಟ್ಟರು.